ಮಾಲಗದಲ್ಲಿ ಮಜ್ಜಿಗೆ ಅಂದುಕೊಂಡದ್ದು

ಹೊರಡುವ ದಿನ ಬೆಳಿಗ್ಗೆ ಕಸದ ಬಿನ್ ಹೊರಗಿಟ್ಟೆ. ಯಜಮಾನರಿಗೆ ನಾಲ್ಕು ದಿನಕ್ಕಾಗುವಷ್ಟು ಸಾರು ಮಾಡಿ, ಆರಿಸಿ, ಡಬ್ಬಿಗಳಿಗೆ ಹಾಕಿ ಫ್ರೀಜರ್‌ನಲ್ಲಿಟ್ಟೆ. ಅತ್ತೆಯವರ ಬಿ.ಪಿ. ಮಾತ್ರೆ ಎಣಿಸಿ ತುಂಬಿದೆ. ಚಿಕ್ಕವಳ ಉಗುರು ಕತ್ತರಿಸಿದೆ. ಒಗೆದ ಬಟ್ಟೆ ಒಣಗಿರಲಿಲ್ಲ, ರೇಡಿಯೇಟರ್ ಮೇಲೆ ಹರವಿದೆ. ಕೊನೆಗೆ ಕಿತ್ತಳೆ ಬಣ್ಣದ ಚೀಲ ತೆರೆದು, ಒಳಗಿದ್ದ ಎರಡು ಅಡ್ರಿನಲಿನ್ ಪೆನ್ನುಗಳ ಎಕ್ಸ್‌ಪೈರಿ ತಾರೀಖು ಓದಿದೆ. ಬಾಗಿಲಿಗೆ ಬೀಗ ಹಾಕುವ ಮೊದಲು ಇನ್ನೊಮ್ಮೆ ಓದಿದೆ.

ಚಿಕ್ಕವಳು ಇಂಚರಾಗೆ ಏಳು ವರ್ಷ. ಬಾದಾಮಿ, ಗೋಡಂಬಿ, ಪಿಸ್ತಾ ಅವಳಿಗೆ ಆಗುವುದಿಲ್ಲ. ಎರಡು ವರ್ಷದವಳಿದ್ದಾಗ ಯಾರದೋ ಮನೆಯಲ್ಲಿ ಒಂದು ತುಂಡು ಬರ್ಫಿ ತಿಂದು ಮುಖ ಊದಿ, ಗಂಟಲು ಮುಚ್ಚಿಕೊಂಡಿತ್ತು. ಮತ್ತೆ ಹಾಗಾದರೆ ಆ ಪೆನ್ನನ್ನು ತೊಡೆಗೆ ಒತ್ತಿ ಚುಚ್ಚಬೇಕು, ಆಸ್ಪತ್ರೆ ಸೇರುವಷ್ಟು ಹೊತ್ತು ಸಿಗುತ್ತದೆ. ಹಾಗಾಗಿ ಚೀಲ ನನ್ನ ಹೆಗಲು ಬಿಟ್ಟಿಳಿಯುವುದಿಲ್ಲ.

ಪ್ರವಾಸ ಅತ್ತೆಯವರ ಸಲುವಾಗಿ. ಮೈಸೂರಿನಿಂದ ಕಾರ್ಕ್ ಊರಿನ ಡಗ್ಲಸ್ ಬಡಾವಣೆಯ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು, ಸರಿಯಾಗಿ ಬಿಸಿಲು ಕಂಡಿರಲಿಲ್ಲ. "ಮೂಳೆಗೆಲ್ಲಾ ಬೂಸ್ಟು ಹಿಡ್ದಿದೆ ಕಣೇ ವೀಣಾ" ಎನ್ನುತ್ತಿದ್ದರು. ಸ್ಪೇನಿನ ಮಾಲಗಕ್ಕೆ ಕಾರ್ಕ್‌ನಿಂದ ನೇರ ವಿಮಾನ, ಮೂರು ಗಂಟೆ. ಟಿಕೆಟ್ ಆದಮೇಲೆ ಯಜಮಾನರಿಗೆ ಆಸ್ಪತ್ರೆಯಲ್ಲಿ ಆನ್ ಕಾಲ್ ಬಿತ್ತು. ಮನೆಯ ಡಾಕ್ಟರನ್ನು ಬಿಟ್ಟು ಉಳಿದ ನಾಲ್ವರು ಹೊರಟೆವು: ಅತ್ತೆ, ನಾನು, ದೊಡ್ಡ ಮಗಳು ಹದಿನಾಲ್ಕರ ಸಿರಿ, ಇಂಚರಾ.

ವಿಮಾನ ಮೇಲೇರಿದ ಮೇಲೆ ಸಿರಿ ಪ್ರವಾಸದ ಪುಸ್ತಕದಿಂದ ತಲೆಯೆತ್ತಿದಳು. "ಅಮ್ಮಾ, ಡೋಂಟ್ ಫ್ರೀಕ್ ಔಟ್. ಮಾಲಗ ಈಸ್ ಫೇಮಸ್ ಫಾರ್ ಆಲ್ಮಂಡ್ಸ್."

ನಾನು ಚೀಲ ತೆರೆದು ಪೆನ್ನುಗಳನ್ನು ಮತ್ತೆ ಎಣಿಸಿದೆ. ಅತ್ತೆ ಮಾತ್ರ ಖುಷಿಯಾದರು. "ಬಾದಾಮಿ ಊರೇನೇ? ರಾತ್ರಿ ನೆನೆಸಿ ಬೆಳಿಗ್ಗೆ ಸಿಪ್ಪೆ ಸುಲಿದು ದಿನಾ ಎರಡು ಕೊಟ್ಟಿದ್ದಕ್ಕೇ ನನ್ನ ಮಗ ಡಾಕ್ಟರಾದ. ಈ ಮಗೂಗೆ ನೀವು ಭಯ ತಿನ್ನಿಸಿ ತಿನ್ನಿಸಿ ಹೀಗಾಗಿದೆ."

ಮಾಲಗದಲ್ಲಿ ಇಳಿದಾಗ ಮೂವತ್ತಮೂರು ಡಿಗ್ರಿ. ಊರೊಳಗೆ ಹೋಗುವ ಬಸ್ಸಿಗೆ ತಲೆಗೆ ನಾಲ್ಕು ಯುರೋ. ಬಾಡಿಗೆ ಫ್ಲ್ಯಾಟಿನ ಪಾತ್ರೆಗಳನ್ನೆಲ್ಲ ನಾನು ತಂದಿದ್ದ ಸ್ಪಂಜಿನಿಂದಲೇ ತೊಳೆದೆ. ಅನ್ನ ಮಾಡಿ, ಮೆಂತ್ಯದ ಗೊಜ್ಜು ಕಲಸಿ ಕೊಟ್ಟೆ. ಎಲ್ಲರೂ ಮಲಗಿದರು. ಮಗಳ ಉಸಿರು ಕೇಳುತ್ತಾ ಕೇಳುತ್ತಾ ಕೊನೆಗೆ ಮಲಗಿದವಳು ಎಂದಿನಂತೆ ನಾನು.

ಎರಡನೆಯ ದಿನ ಅಲ್ಕಸಾಬ ಎಂಬ ಹಳೆಯ ಕೋಟೆ ಹತ್ತಿದೆವು. ಅತ್ತೆ ಸೀರೆಯ ಕೆಳಗೆ ಸಿರಿಯ ಹಳೆಯ ಶೂ ಹಾಕಿದ್ದರು. ಕಲ್ಲು ನುಣುಪು, ಆದರೂ ಒಂದೊಂದು ತಿರುವಿನಲ್ಲೂ ನೀರಿನ ಕಾರಂಜಿ, ನೆರಳು. ಇಂಚರಾ ಬುರುಜಿನ ಸಂದಿಯಿಂದ ಬಂದರಿನ ಹಡಗುಗಳನ್ನು ಎಣಿಸಿದಳು. ತಾಳೆಮರಗಳಲ್ಲಿ ಹಸಿರು ಗಿಳಿಗಳ ಗಲಾಟೆ. "ಇವಕ್ಕೆ ವೀಸಾ ಯಾರು ಕೊಟ್ರೋ" ಎಂದರು ಅತ್ತೆ.

ಕೆಳಗಿಳಿದರೆ ಬೀದಿಯ ಮೂಲೆಮೂಲೆಯಲ್ಲಿ ಹುರಿದ ಬಾದಾಮಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಮಾರುವವರು. ಒಬ್ಬರು ಕಂಡಾಗಲೆಲ್ಲ ಇಂಚರಾಳ ಕೈ ಹಿಡಿದು ರಸ್ತೆಯ ಆಚೆ ಬದಿಗೆ ದಾಟಿದೆ. ಆಚೆ ಬದಿಯಲ್ಲಿ ಇನ್ನೊಬ್ಬರು. ಅವಳು ಮುಟ್ಟಿದ ಬೆಂಚು, ಕಂಬಿ, ಯಾರ್ಯಾರ ಬೆರಳು ತಾಗಿತ್ತೋ ಎಂದು ಕೈ ಒರೆಸಿ ಒರೆಸಿ ಒಂದು ಪ್ಯಾಕೆಟ್ ವೈಪ್ಸ್ ಮುಗಿಸಿದೆ.

"ಐ ಆಮ್ ಗ್ರ್ಯಾಂಡ್, ಅಮ್ಮಾ" ಎಂದಳು ಇಂಚರಾ. ನನಗೇನೂ ಆಗಿಲ್ಲ ಎನ್ನಲು ಕಾರ್ಕ್‌ನ ಮಕ್ಕಳು ಹೇಳುವುದೇ ಹಾಗೆ.

"ನೋಡು, ಅವಳೇ ಹೇಳ್ತಿದ್ದಾಳೆ" ಎಂದರು ಅತ್ತೆ.

ಮೂರನೆಯ ದಿನ ಸಮುದ್ರದ ದಂಡೆ. ಮಕ್ಕಳು ನೀರಲ್ಲಿ ಆಡಿದರು, ಅತ್ತೆ ಮೊಣಕಾಲವರೆಗೆ ನಿಂತು ತಲೆಗೆ ನೀರು ಪ್ರೋಕ್ಷಿಸಿಕೊಂಡರು. ಎರಡು ಗಂಟೆಗೆ ಹಸಿದು, ಬೆವತು, ನೆರಳಿದ್ದ ಒಂದು ಊಟದ ಅಂಗಡಿಯಲ್ಲಿ ಕೂತೆವು. ನನ್ನ ಬಳಿ ಸ್ಪ್ಯಾನಿಷ್‌ನಲ್ಲಿ ಬರೆಸಿದ ಕಾರ್ಡ್ ಇತ್ತು: ಈ ಮಗುವಿಗೆ ಬಾದಾಮಿ ಮುಂತಾದವು ಜೀವಕ್ಕೆ ಅಪಾಯ. ಎಲ್ಲೇ ಕೂತರೂ ಮೊದಲು ಅದನ್ನು ತೋರಿಸುತ್ತಿದ್ದೆ. ಅಲ್ಲಿ ಕಾರ್ಡ್ ತೆಗೆಯುವ ಮೊದಲೇ ಮಾಣಿ ನಾಲ್ಕು ಪುಟ್ಟ ಲೋಟ ತಂದಿಟ್ಟ. ತಣ್ಣಗೆ, ಬೆಳ್ಳಗೆ, ಮೇಲೆ ಎರಡೆರಡು ದ್ರಾಕ್ಷಿ.

"ಅಯ್ಯೋ ಮಜ್ಜಿಗೆ!" ಎಂದರು ಅತ್ತೆ. "ಬೆಳ್ಳುಳ್ಳಿ ಒಗ್ಗರಣೆ ವಾಸನೆ ಬರ್ತಿದೆ ನೋಡು."

ನಾನು ಮಾಣಿಯನ್ನು ಕೇಳಿದೆ: ಮಾಂಸ? ಮೀನು? ಮೊಟ್ಟೆ? ಅವನು ಪ್ರತಿಯೊಂದಕ್ಕೂ ನಗುತ್ತಾ ಇಲ್ಲ ಎಂದ. ಹೊರಗೆ ಊಟಕ್ಕೆ ಕೂತರೆ ನಮ್ಮ ಬಾಯಿಗೆ ಮೊದಲು ಬರುವುದೇ ಆ ಮೂರು ಪ್ರಶ್ನೆ. ಅವಕ್ಕೆ ಇಲ್ಲ ಎಂಬ ಉತ್ತರ ಸಿಕ್ಕರೆ ಮನಸ್ಸು ಅಲ್ಲಿಗೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತದೆ. ಮೂರು ದಿನ ಗಾಳಿಗೂ ಹೆದರಿದ್ದ ನಾನು ನನ್ನ ಕೈಯಾರೆ ಲೋಟ ಎತ್ತಿ ಇಂಚರಾಗೆ ಕೊಟ್ಟೆ.

ಎರಡು ಗುಟುಕು ಕುಡಿದಳು. ಒಂದು ದ್ರಾಕ್ಷಿ ತಿಂದಳು. ಲೋಟ ಕೆಳಗಿಟ್ಟಳು.

"ಅಮ್ಮಾ, ಮೈ ಟಂಗ್ ಈಸ್ ಇಚ್ಚಿ."

ಸಿರಿ ಮಾಣಿಯತ್ತ ತಿರುಗಿ ಇದರಲ್ಲಿ ಏನೇನಿದೆ ಎಂದು ಕಿರುಚಿದಳು. ಬ್ರೆಡ್ಡು, ಬೆಳ್ಳುಳ್ಳಿ, ಅಲ್ಮೆಂದ್ರ ಎಂದ ಅವನು. ಆ ಕೊನೆಯ ಪದ ನನ್ನ ಕಾರ್ಡಿನ ಮೊದಲ ಸಾಲಿನಲ್ಲೇ ಇತ್ತು. ಅಷ್ಟರಲ್ಲಿ ಇಂಚರಾಳ ತುಟಿಯ ಸುತ್ತ ಕೆಂಪಗೆ ದದ್ದು ಎದ್ದು, ನಾಯಿ ಬೊಗಳಿದಂಥ ಕೆಮ್ಮು ಶುರುವಾಗಿತ್ತು. ಈ ಸಲ ಅವಳು ಗ್ರ್ಯಾಂಡ್ ಎನ್ನಲಿಲ್ಲ. ನನ್ನ ಮುಖ ನೋಡುತ್ತಿದ್ದಳು, ಅಷ್ಟೆ.

ಕಿತ್ತಳೆ ಹಣ್ಣಿಗೆ ನೂರು ಸಲ ಚುಚ್ಚಿ ಕಲಿತ ಕೈಗೆ ಮುಚ್ಚಳ ತೆಗೆಯಲಾಗಲಿಲ್ಲ. ಸಿರಿ ಕಿತ್ತುಕೊಂಡು ತೆಗೆದುಕೊಟ್ಟಳು. ಅತ್ತೆ ಸೀರೆ ಸಮೇತ ನೆಲದ ಮೇಲೆ ಕೂತು ಮಗುವಿನ ಕಾಲುಗಳನ್ನು ಮಡಿಲಲ್ಲಿ ಅಮುಕಿ ಹಿಡಿದರು. ಚುಚ್ಚಿದೆ. ಹತ್ತರವರೆಗೆ ಎಣಿಸಿದೆ. ಏಳರ ನಂತರ ಯಾವ ಸಂಖ್ಯೆ ಎಂದು ಮರೆತೆ, ಅತ್ತೆ ಗಟ್ಟಿಯಾಗಿ "ಎಂಟು, ಒಂಬತ್ತು" ಎಂದರು. ಮಾಣಿ ಫೋನಿನಲ್ಲಿ ಆಂಬ್ಯುಲೆನ್ಸ್ ಕರೆಯುತ್ತಿದ್ದ.

ಆಂಬ್ಯುಲೆನ್ಸ್‌ನಲ್ಲಿ ಕೆಮ್ಮು ಇಳಿಯಿತು. ಆಸ್ಪತ್ರೆಯಲ್ಲಿ ಸಂಜೆಯವರೆಗೆ ಇರಿಸಿಕೊಂಡರು. ಯಜಮಾನರಿಗೆ ಫೋನ್ ಮಾಡಿದಾಗ ಡಾಕ್ಟರಂತೆಯೇ ಕೇಳಿದರು: ಎಷ್ಟು ಹೊತ್ತಿಗೆ ಕೊಟ್ಟೆ, ಈಗ ಆಕ್ಸಿಜನ್ ಎಷ್ಟು. ನಾನು ಹೇಳಿದೆ. ಆಮೇಲೂ ಅವರು ಫೋನ್ ಇಡಲಿಲ್ಲ.

ಕಾರಿಡಾರಿನಲ್ಲಿ ಅತ್ತೆ ಗೋಡೆ ನೋಡುತ್ತಾ ಕೂತಿದ್ದರು. "ಮಜ್ಜಿಗೆ ಅಂದಿದ್ದು ನಾನಲ್ವೇನೇ."

"ಕೊಟ್ಟಿದ್ದು ನಾನು, ಅತ್ತೆ."

ಒಳಗಿನಿಂದ ಇಂಚರಾ ಐಸ್‌ಕ್ರೀಮ್ ಕೇಳುವ ದನಿ ಬಂತು.

ನಾಲ್ಕನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಚೀಟಿ ತೋರಿಸಿ ಔಷಧಿ ಅಂಗಡಿಯಲ್ಲಿ ಹೊಸ ಪೆನ್ನು ಕೊಂಡೆ. ಅದರ ಮೇಲಿನ ಬರಹ ಸ್ಪ್ಯಾನಿಷ್. ಎಕ್ಸ್‌ಪೈರಿ ತಾರೀಖನ್ನು ಮಾತ್ರ ಮೂರು ಸಲ ಓದಿ ಚೀಲಕ್ಕೆ ಹಾಕಿದೆ.

ವಿಮಾನ ನಿಲ್ದಾಣದಲ್ಲಿ ಅತ್ತೆ ಸಿರಿಯನ್ನು ಪಕ್ಕಕ್ಕೆ ಕರೆದರು. "ಆ ಸೂಜಿ ಇಲ್ಲದ ಪೆನ್ನಿದೆಯಲ್ಲ, ಕಲಿಯೋಕೆ ಇರೋದು, ಕೊಡು ಇಲ್ಲಿ." ಗೇಟಿನ ಮುಂದೆ, ಅಷ್ಟು ಜನರ ನಡುವೆ, ತಮ್ಮ ತೊಡೆಗೇ ಸೀರೆಯ ಮೇಲಿಂದ ಒತ್ತಿಕೊಂಡರು.

"ಹಾರ್ಡರ್, ಅಜ್ಜಿ! ಕ್ಲಿಕ್ ಕೇಳ್ಬೇಕು!" ಎಂದಳು ಇಂಚರಾ. ಅವಳ ಬಾಯಲ್ಲಿ ಕನ್ನಡ ಬರುವುದೇ ಅಪರೂಪ.

ಕ್ಲಿಕ್ ಎಂದಿತು. ಅತ್ತೆ ಹತ್ತರವರೆಗೆ ಎಣಿಸಿದರು. ಮತ್ತೆ ಮಾಡಿದರು. ಒಂಬತ್ತು ಸಲ ಮಾಡಿದ ಮೇಲೆ ನನ್ನತ್ತ ಕೈ ಚಾಚಿದರು. "ಆ ಚೀಲ ನನ್ನ ಹೆಗಲಿಗಿರ್ಲಿ. ಕೊಡು."

ಹೆಗಲು ಖಾಲಿಯಾದದ್ದಕ್ಕೂ ಭಯವಾಯಿತು. ಕೊಟ್ಟೆ. ವಿಮಾನದಲ್ಲಿ ಮೂರು ಗಂಟೆಯೂ ಚೀಲವನ್ನೇ ನೋಡುತ್ತಿದ್ದೆ. ಕಿಟಕಿಯ ಕೆಳಗೆ ಕೋಟೆ ಕಾಣುತ್ತಿದೆ ಎಂದು ಸಿರಿ ಹೇಳಿದಾಗಲೂ ನೋಡಲಿಲ್ಲ.

ಕಾರ್ಕ್‌ನಲ್ಲಿ ಮಳೆ. ಯಜಮಾನರು ಉಳಿದಿದ್ದ ಒಂದು ಡಬ್ಬಿ ಸಾರನ್ನು ಬಿಸಿಮಾಡಿ, ಅನ್ನಕ್ಕಿಟ್ಟು, ಹಪ್ಪಳ ಕರಿದಿದ್ದರು. ಇಂಚರಾ ಸಾರನ್ನ ಎರಡು ಸಲ ಹಾಕಿಸಿಕೊಂಡಳು. ಮೊಸರನ್ನಕ್ಕೆ ಬಂದಾಗ ಅತ್ತೆ ಅಂಗಡಿಯಿಂದ ಹೊಸದಾಗಿ ತಂದ ಮೊಸರಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲಿನ ಒಂದೊಂದು ಪದವನ್ನೂ ಸಿರಿಯಿಂದ ಓದಿಸಿದರು. ಚೀಲ ಅವರ ತಟ್ಟೆಯ ಪಕ್ಕದಲ್ಲಿತ್ತು.

ಆ ದಿನ ಎಲ್ಲರಿಗಿಂತ ಮೊದಲು ನಿದ್ದೆಹೋದವಳು ನಾನಂತೆ. ಸಂಜೆ ಏಳು ಗಂಟೆ ಕೂಡ ಆಗಿರಲಿಲ್ಲ, ಕೋಟು ಸಹ ಬಿಚ್ಚಿರಲಿಲ್ಲ.