ವಾರ್ತ್ಕೆಸನ ಅಗ್ಗದ ಪ್ಲೇಯರ್

ಬೈರೂತಿನ ಅರ್ಮೇನಿಯನ್ ಕೇರಿಯಲ್ಲಿ ಹಳೆಯ ಅಂಗಡಿ ಇಟ್ಟಿರುವ ವಾರ್ತ್ಕೆಸ್, ಮೊದಲ ಸಲ ರೆಕಾರ್ಡ್ ಪ್ಲೇಯರ್ ಕೊಳ್ಳಲು ಬಂದವರಿಗೆ ದುಬಾರಿ ಯಂತ್ರಗಳನ್ನು ತೋರಿಸುವುದೇ ಇಲ್ಲ. "ಬಣ್ಣದ ದೀಪ ನೋಡ್ಬೇಕು ಅಂದ್ರೆ ಮದುವೆ ಮನೆಗೆ ಹೋಗಪ್ಪ. ತಟ್ಟೆ ತಿರುಗುತ್ತೆ, ಮುಳ್ಳು ಕೂರುತ್ತೆ, ಇನ್ನೇನು ಬೇಕು?" ಹಾಡು ಮುಗಿದೊಡನೆ ಮುಳ್ಳು ತಾನಾಗಿ ಏಳುವಂಥದ್ದು ಬೇಕೆಂದವರನ್ನು ಕನ್ನಡಕದ ಮೇಲಿಂದ ನೋಡುತ್ತಾನೆ. "ಎದ್ದು ನಾಲ್ಕು ಹೆಜ್ಜೆ ಇಡೋಕಾಗಲ್ವ? ಆಸ್ಪತ್ರೆ ಮಂಚ ಮಾರೋ ಅಂಗಡಿ ಎದುರಿಗೇ ಇದೆ." ಬಂದವರು ನಗುತ್ತ ಸೋತು ಅಗ್ಗದ್ದನ್ನೇ ಹೊತ್ತೊಯ್ಯುತ್ತಾರೆ. ಅವನ ಮನೆಯಲ್ಲಿರುವುದೂ ಅದೇ. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅರಾಕ್ಸಿ ಒಬ್ಬಳೇ ಇದ್ದಾಳೆ. ಆರೋಗ್ಯ ವಿಚಾರಿಸಲು ಹೋದರೆ, "ಸತ್ತಿದ್ದೀನಾ ಅಂತ ನೋಡೋಕೆ ಬಂದ್ಯೇನೋ?" ಎಂದು ಮುಖದ ಮೇಲೆ ಬಾಗಿಲು ಹಾಕುತ್ತಾಳೆ. ಹಾಗಾಗಿ ಪ್ರತಿ ಸಂಜೆ ವಾರ್ತ್ಕೆಸ್ ಒಂದು ರೆಕಾರ್ಡ್ ಹಾಕಿ, ಹಾಡು ಮುಗಿದರೂ ಮುಳ್ಳನ್ನು ಎತ್ತದೆ, ಅದು ಕೊನೆಯ ಗೆರೆಯಲ್ಲಿ ಕರಕರ ಸುತ್ತುತ್ತಿರಲು ಬಿಟ್ಟು, ಎದುರಿನ ಕಾಫಿಯನ್ನೂ ಮುಟ್ಟದೆ ನಡುಗೋಡೆಯನ್ನೇ ನೋಡುತ್ತ ಕೂರುತ್ತಾನೆ. ಕೆಲವೊಮ್ಮೆ ತೀರ ಹೊತ್ತಾಗುತ್ತದೆ. ಕೊನೆಗೆ ಆ ಕಡೆಯಿಂದ ಗೋಡೆಗೆ ಲಟ್ಟಣಿಗೆಯ ಏಟು ಬೀಳುತ್ತದೆ. "ಎತ್ತೋ ಅದನ್ನ, ಕತ್ತೆ. ತಲೆ ಚಿಟ್ಟು ಹಿಡೀತು." "ಎತ್ತಿದೆ ಅಕ್ಕ," ಎಂದು ಕೂಗಿ, ಅವನು ಆರಿಹೋದ ಕಾಫಿಯನ್ನು ಸುಖವಾಗಿ ಕುಡಿಯುತ್ತಾನೆ.