ಅಕ್ಕೋರ ಪುಡಿಗೆ ಪದವಿರಲಿಲ್ಲ

ಹೋದ ವಾರ ದೇಶಪಾಂಡೆ ನಗರದ ನನ್ನ ಇಂಗ್ಲಿಷ್ ಕ್ಲಾಸಿಗೆ ಒಬ್ಬ ಹುಡುಗಿಯ ತಾಯಿ ಮಗಳನ್ನು ಕರೆದೊಯ್ಯಲು ಬಂದಿದ್ದರು. ಪಾಠ ಇನ್ನೂ ಮುಗಿದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಸೊಂಟದಿಂದ ಸಣ್ಣ ಡಬ್ಬಿ ತೆಗೆದು, ಬೆರಳಿಗೆ ಪುಡಿ ಹಚ್ಚಿಕೊಂಡು ಮೆಲ್ಲಗೆ ಒಸಡಿಗೆ ತಿಕ್ಕತೊಡಗಿದರು. ನಶ್ಯದ ಘಾಟು. ನಮ್ಮ ಕಡೆ ಅದಕ್ಕೆ ತಪಕೀರು ಅನ್ನುತ್ತಾರೆ. ಅದು ಮೂಗಿಗೆ ಬಡಿದದ್ದೇ ತಡ, ಬೋರ್ಡಿನ ಮೇಲೆ ಏನು ಬರೆಯುತ್ತಿದ್ದೆ ಎನ್ನುವುದೇ ಮರೆತುಹೋಯಿತು. ಮಾಳಮಡ್ಡಿಯ ಕಟ್ಟೆ, ಸಂಜೆಯ ಬಿಸಿಲು, ಅಕ್ಕೋರು...

ಅಕ್ಕೋರೆಂದರೆ ನಮ್ಮ ಪಕ್ಕದ ಮನೆಯವರು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಸಂಜೆಯಾದರೆ ಓಣಿಯ ಹುಡುಗಿಯರೆಲ್ಲ ಅವರ ಮನೆಯ ಕಟ್ಟೆಯ ಮೇಲೆ. ಅವರು ಪದದ ಅರ್ಥವನ್ನು ಬರೆಸುತ್ತಲೇ ಇರಲಿಲ್ಲ. ಒಂದೊಂದು ಪದವನ್ನೂ ಓಣಿಯ ಒಬ್ಬೊಬ್ಬರ ಕೊರಳಿಗೆ ಕಟ್ಟುತ್ತಿದ್ದರು, ಅಷ್ಟೇ. ಉಂಡ ಕೂಡಲೇ ಎಲೆ ಅಡಿಕೆಗೆ ಹೊರಡುವ ಮೂಲೆಮನೆ ಕಾಕಾ 'ಹ್ಯಾಬಿಚುವಲ್'. ರೂಢಿ ಬಿದ್ದದ್ದು, ಮನಸ್ಸು ಮಾಡಿದರೆ ಬಿಟ್ಟೀತು. ಹಿಟ್ಟಿನ ಗಿರಣಿಯ ಅಜ್ಜಿಯ ಕೆಮ್ಮು 'ಕ್ರಾನಿಕ್'. ಮಂದಿ ಅದನ್ನು ಎಲ್ಲದಕ್ಕೂ ಅಂಟಿಸುತ್ತಾರೆ, ಆದರೆ ಮೊದಲಿಗೆ ಅದು ವರ್ಷಗಟ್ಟಲೆ ಕಾಡುವ ಬೇನೆಯ ಮಾತು. ಮದುವೆಯ ಮಾತೆತ್ತಿದರೆ ಚಪ್ಪಲಿ ಮೆಟ್ಟಿ ಎದ್ದು ಹೋಗುತ್ತಿದ್ದ ಅಕ್ಕೋರ ಮೈದುನ 'ಕನ್ಫರ್ಮ್ಡ್' ಬ್ರಹ್ಮಚಾರಿ, ಇನ್ನು ಬದಲಾಗದವನು. ಬಾಯಿಗೆ ಬೀಗವೇ ಇಲ್ಲದ ನಾನು 'ಇನ್‌ಕರಿಜಿಬಲ್', ತಿದ್ದಿದರೂ ತಿದ್ದಿಕೊಳ್ಳದವಳು. ನನಗೇನೋ ಬಹುಮಾನ ಸಿಕ್ಕಿದಷ್ಟು ಹೆಮ್ಮೆ!

'ಇನ್‌ವೆಟರೇಟ್' ಬಂದ ದಿನ ನಾನು ಜಾಣೆಯಂತೆ, "ಹುಟ್ಟುಗುಣ ಸುಟ್ಟರೂ ಹೋಗದು, ಅದ ಹೌದಲ್ರಿ ಅಕ್ಕೋರ?" ಅಂದೆ.

"ಅಲ್ಲವಾ," ಅಂದರು. "ಹುಟ್ಟುಗುಣ ನಮ್ಮ ಕೂಡ ಬಂದಿದ್ದು. ಇದು ಹಂಗಲ್ಲ. ಇದನ್ನ ನಾವ ಉಣಿಸಿ, ನಾವ ಬೆಳಸಿದ್ದು. ಆಮ್ಯಾಲ ಅದು ಎದ್ದು ಹೋಗು ಅಂದ್ರ ಹೋಗಂಗಿಲ್ಲ, ಮನೀನ ತನ್ನದು ಅಂತೈತಿ."

ಇಷ್ಟು ಚೊಕ್ಕಟವಾಗಿ ಹೇಳಿದವರು ಪಾಠ ಮುಗಿದ ಮೇಲೆ ಬಾಗಿಲ ಮರೆಗೆ ಸರಿದು ಡಬ್ಬಿ ತೆಗೆಯುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಹಲ್ಲು ನೋಯುತ್ತಿದೆ ಎಂದಾಗ ಅತ್ತೆ ಅಂಗೈ ಮೇಲೆ ಹಾಕಿಕೊಟ್ಟ ಪುಡಿಯಂತೆ ಅದು. ನಮ್ಮ ಓಣಿಯಲ್ಲಿ ಮದುವೆಯಾದ ಹೆಂಗಸರಲ್ಲಿ ಡಬ್ಬಿ ಇಲ್ಲದವರೇ ಕಡಿಮೆ. ನಮ್ಮ ಅವ್ವನ ಸೊಂಟದಲ್ಲೂ ಒಂದಿತ್ತು. ಗಂಡಸರು ತಂಬಾಕು ತಿಂದರೆ ಚಟ, ಹೆಂಗಸರು ಅದನ್ನೇ ಪುಡಿ ಮಾಡಿ ತಿಕ್ಕಿದರೆ ಔಷಧ. ಗಂಡ ಎಲೆಗೆ ತಂಬಾಕು ಇಟ್ಟುಕೊಂಡರೆ ಉರಿದು ಬೀಳುತ್ತಿದ್ದ ಅವ್ವ, ಬೈದು ಬೈದು ದಣಿದಾಗ ತಿಕ್ಕುತ್ತಿದ್ದದ್ದು ಈ ಪುಡಿಯನ್ನೇ.

ಒಮ್ಮೆ ನಾನು ಕೇಳಿಯೇಬಿಟ್ಟೆ. "ಅಕ್ಕೋರ, ನಿಮ್ಮ ಪುಡಿಗೆ ಯಾವ ಪದಾರಿ?"

ಅವರು ನಕ್ಕರು. "ಏ ಹುಡುಗಿ, ಹಲ್ಲು ತಿಕ್ಕೋದಕ್ಕ ಯಾರರ ಚಟಾ ಅಂತಾರೇನ?"

ನಾವೂ ನಕ್ಕೆವು. ನಗುವ ಮಾತೇ ಆಗಿತ್ತು ಅದು, ಆಗ.

ನಾನು ಎಂ.ಎ. ಓದುವ ಹೊತ್ತಿಗೆ ಅವರು ಖಾರ ಬಿಟ್ಟರು. ಕೆಂಪು ಚಟ್ನಿ ಇಲ್ಲದೆ ರೊಟ್ಟಿ ಮುರಿಯದ ಮನುಷ್ಯರು ಹಾಲಿನಲ್ಲಿ ರೊಟ್ಟಿ ನೆನೆಸಿ ನುಂಗತೊಡಗಿದರು. ನಾಲಿಗೆಯ ಬದಿಗೆ ಒಂದು ಬಿಳಿ ಕಲೆ, ಆಮೇಲೆ ಅಲ್ಲೇ ಹುಣ್ಣು. "ಉಷ್ಣ ಆಗೇತ್ರಿ, ಜೀರಗಿ ನೀರ ಕುಡೀರಿ" ಅಂತ ಓಣಿಯ ಹೆಂಗಸರ ಮನೆಮದ್ದು. ನೋವು ಹೆಚ್ಚಾದಾಗ ಅಕ್ಕೋರು ಹುಣ್ಣಿನ ಮೇಲೇ ಪುಡಿ ಒತ್ತಿಕೊಳ್ಳುತ್ತಿದ್ದರು. ಜೋಮು ಹಿಡಿದಂತಾಗಿ ಸ್ವಲ್ಪ ಹೊತ್ತು ಹಾಯೆನಿಸುತ್ತಿತ್ತಂತೆ. ಪುಡಿ ತಾಗಿದಷ್ಟೂ ಹುಣ್ಣು ಬೆಳೆಯಿತು, ಹುಣ್ಣು ಬೆಳೆದಷ್ಟೂ ಪುಡಿ ಬೇಕಾಯಿತು. ಕಟ್ಟೆಯ ಮೇಲೆ ಸಣ್ಣ ಹುಡುಗಿಯರು, ನಾಲಿಗೆ ಸರಿಯಾಗಿ ಹೊರಳದ ಅಕ್ಕೋರು ಹೇಳಿಕೊಟ್ಟಂತೆಯೇ ತೊದಲಿ ಓದುವುದನ್ನು ಒಂದು ಸಂಜೆ ನಾನು ಕೇಳಿಸಿಕೊಂಡೆ. ತಮಾಷೆಗಲ್ಲ. ಇಂಗ್ಲಿಷ್ ಹಾಗೇ ಇರುತ್ತದೆ ಎಂದುಕೊಂಡಿದ್ದವು ಪಾಪ. 

ಮರುದಿನವೇ ಹಟ ಹಿಡಿದು ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಡಾಕ್ಟರು ಬಾಯಿಗೆ ಬ್ಯಾಟರಿ ಬಿಟ್ಟು ನೋಡಿ, "ಎಷ್ಟ ವರ್ಷದ ಚಟಾರಿ?" ಅಂದರು.

"ನನಗ ಯಾವ ಚಟಾನೂ ಇಲ್ಲರಿ."

"ಪುಡಿ ತಿಕ್ಕತೀರೇನು?"

"ಹೂಂ ರಿ. ಅದು ಹಲ್ಲಿಗೆ."

ಡಾಕ್ಟರು ಪಕ್ಕದಲ್ಲಿದ್ದ ಕಿರಿಯ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದರು. ಅದರಲ್ಲಿ ಕ್ರಾನಿಕ್ ಅನ್ನುವ ಪದ ನಮ್ಮಿಬ್ಬರಿಗೂ ಕೇಳಿಸಿತು. ಆಮೇಲೆ ನನ್ನನ್ನು ಹೊರಗೆ ಕರೆದು, ಅರ್ಧ ನಾಲಿಗೆ ತೆಗೆಯಬೇಕಾಗುತ್ತದೆ, ತಡವಾಗಿದೆ ಅಂದರು.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ನವಲೂರು ದಾಟಿದ ಮೇಲೆ ಅಕ್ಕೋರು ಮೆಲ್ಲಗೆ, ಮಾತು ತೊಡರುತ್ತ ಕೇಳಿದರು. "ಡಾಕ್ಟರ ಕ್ರಾನಿಕ್ ಅಂದ್ರಲ್ಲ... ಹುಣ್ಣಿಗೆ ಅಂದ್ರೋ, ನನಗ ಅಂದ್ರೋ?"

ನಾನು ಇನ್‌ಕರಿಜಿಬಲ್ ಹುಡುಗಿ. ಆದರೂ ಕೈಯಲ್ಲಿದ್ದ ಬಸ್ಸಿನ ಟಿಕೇಟನ್ನು ಮಡಚುತ್ತ ಕೂತೆ.

"ನನಗ ಅಂದಿದ್ರ ಆ ಪದ ಸಾಲಂಗಿಲ್ಲ," ಅಂದರು. "ಅದರ ಬಾಜೂಕಿನ ಪದ ನನ್ನದು, ಇನ್‌ವೆಟರೇಟ್. ಓಣಿ ಮಂದೀಗೆಲ್ಲಾ ಹಂಚಿದೆ ನೋಡವಾ, ನನ್ನ ಪಾಲಿಂದು ಕಾಣಲಿಲ್ಲ." ಹಾಗೆ ಹೇಳುತ್ತಲೇ ಅವರ ಕೈ ಸೊಂಟಕ್ಕೆ ಹೋಯಿತು, ಡಬ್ಬಿ ಹೊರಗೆ ಬಂತು. ನಾನು ಕೈ ಹಿಡಿದೆ. ಅವರ ಕಣ್ಣಲ್ಲಿ ನೀರು. "ಬಿಡವಾ. ತಡಕೊಳ್ಳಾಕ ಆಗವಲ್ದು." ನಾನು ಬಿಟ್ಟೆ. ಬಸ್ಸಿನಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಆಪರೇಶನ್ ಆದ ಮೇಲೆ ಅಕ್ಕೋರು ಮಾತಾಡಲಿಲ್ಲ. ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು, ಹುಡುಗಿಯರು ಓದುತ್ತಿದ್ದರು, ತಪ್ಪಾದಾಗ ಕಟ್ಟೆಗೆ ಬೆರಳಿಂದ ಕುಟ್ಟುತ್ತಿದ್ದರು. ಕೆಲವು ತಿಂಗಳು ಹೀಗೆ ನಡೆಯಿತು. ಆಮೇಲೆ ಬೇನೆ ಕೊರಳಿಗೆ ಇಳಿಯಿತು...

ಅಕ್ಕೋರ ಮಣ್ಣು ಮುಗಿಸಿ ಬಂದ ಸಂಜೆ ಓಣಿಯ ಹೆಂಗಸರು ಸ್ನಾನ ಮಾಡಿ, ಒದ್ದೆ ತಲೆಯಲ್ಲೇ ಅದೇ ಕಟ್ಟೆಯ ಮೇಲೆ ಕೂತಿದ್ದರು. ಬೆಳಗಿನಿಂದ ಅತ್ತೂ ಅತ್ತೂ ತಲೆ ಸಿಡಿಯುತ್ತಿದೆ ಎಂದು ಒಬ್ಬರು ಡಬ್ಬಿ ತೆರೆದರು. ಅದು ಕೈಯಿಂದ ಕೈಗೆ ಹೋಯಿತು. ಅವ್ವನೂ ಬೆರಳು ಅದ್ದಿದಳು. ನನಗೆ ಮೈಯೆಲ್ಲ ಉರಿದು, "ಇನ್ನೂ ಬುದ್ಧಿ ಬಂದಿಲ್ಲೇನ ನಿಮಗ? ಈಗ ಮಣ್ಣ ಮಾಡಿ ಬಂದೀರಿ!" ಎಂದು ಚೀರಿದೆ.

ಅವ್ವ ನನ್ನನ್ನು ಸಮಾಧಾನ ಮಾಡುವವಳಂತೆ ಹೇಳಿದಳು: "ಅಕ್ಕೋರದು ಬ್ಯಾನಿ ಆಗಿತ್ತವಾ. ನಮ್ಮದೇನು, ಬರೀ ಹಲ್ಲುಪುಡಿ."

ಈಗ ಆ ಪದಗಳನ್ನು ನಾನು ಕಲಿಸುತ್ತೇನೆ. ಪುಸ್ತಕದಲ್ಲಿರುವ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇನೆ. ಅಕ್ಕೋರಿದ್ದಿದ್ದರೆ ಎಂಥ ಒಣ ಪಾಠವೇ ಎಂದು ಬೈಯುತ್ತಿದ್ದರು. ಬೈಸಿಕೊಳ್ಳಬೇಕು ಅನ್ನಿಸುತ್ತದೆ, ಖರೇ ಹೇಳುತ್ತೇನೆ, ಇಷ್ಟು ವರ್ಷವಾದರೂ ಅನ್ನಿಸುತ್ತದೆ. ಹೋದ ವಾರ ಆ ತಾಯಿಯನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು, "ಚಟಾ ಏನಿಲ್ರಿ ಮೇಡಂ" ಅಂದರು.

ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಆಗಾಗ ಅವಳನ್ನು ಕಿಟಕಿಯ ಹತ್ತಿರ ಕೂರಿಸಿ, ಬಾಯಿ ತೆರೆಸಿ, ಬೆಳಕಿಗೆ ನೋಡುತ್ತೇನೆ. ಬೈಯುತ್ತ, ನಗುತ್ತ ತೆರೆಯುತ್ತಿದ್ದಳು. ಈ ಸಲ ತೆರೆಯಲಿಲ್ಲ. "ಇವತ್ತ ಬ್ಯಾಡ ಬಿಡವಾ," ಎಂದು ಮುಖ ಆ ಕಡೆ ತಿರುಗಿಸಿದಳು.