ಮಹಾದೇವಿ ಟೀಚರ್ ಹೌದೆಂದ ಬಗೆ

ಧಾರವಾಡದ ಮಹಾದೇವಿ ಸ್ವೀಡಿಷ್ ಕಲಿತದ್ದು ಪುಸ್ತಕದಿಂದಲ್ಲ. ಗಂಡ ಶಿವಪುತ್ರಪ್ಪನ ನೌಕರಿಯ ಬೆನ್ನು ಹತ್ತಿ ಸ್ವೀಡನ್ನಿನ ತೀರ ಉತ್ತರದ ಊರೊಂದಕ್ಕೆ ಹೋಗಿ, ಹನ್ನೊಂದು ವರ್ಷ ಅಲ್ಲಿಯ ಬಾಲವಾಡಿಯಲ್ಲಿ ಮಕ್ಕಳ ಮೂಗು ಒರೆಸುತ್ತ ಕಲಿತದ್ದು. ಅಲ್ಲಿಂದ ಬಂದು ಮುಂಬೈಯ ಸಯನ್‌ನಲ್ಲಿ ನೆಲೆಸಿದ ಮೇಲೆ ಆ ಭಾಷೆ ಉಣ್ಣೆಯ ಕೋಟಿನಂತಾಯಿತು: ಬಿಸಾಡಲು ಮನಸ್ಸಿಲ್ಲ, ಹಾಕಿಕೊಂಡರೆ ಬೆವರು.

ಐವತ್ತೆರಡನೇ ವಯಸ್ಸಿಗೆ ಸಾಂತಾಕ್ರೂಜಿನ ಶನಿವಾರದ ಪಾಠ ಸಿಕ್ಕಿತು. ಮುಂಬೈಯಲ್ಲಿರುವ ಸ್ವೀಡಿಷ್ ಮನೆತನಗಳ ಮಕ್ಕಳು ಮನೆಮಾತು ಮರೆಯಬಾರದೆಂದು ಸೊಸೈಟಿ ಹಾಲ್‌ನಲ್ಲಿ ನಡೆಯುವ ತರಗತಿ. ಆರು ಮಕ್ಕಳು, ಹಿಂದಿನ ಸಾಲಿನಲ್ಲಿ ಸ್ವೀಡಿಷ್ ಅತ್ತೆಯ ಫೋನಿಗೆ ಹೆದರಿ ಕಲಿಯಲು ಬಂದ ಇಬ್ಬರು ದೇಸಿ ಸೊಸೆಯರು. ಮಹಾದೇವಿ ಸದ್ಯಕ್ಕೆ ಬದಲಿ ಟೀಚರ್. ಕಾಯಂ ಆಗಬೇಕಾದರೆ ಸ್ಟಾಕ್‌ಹೋಮಿನ ಪರೀಕ್ಷಕಿ ವಿಡಿಯೋದಲ್ಲಿ ಪಾಠ ನೋಡಿ ಒಪ್ಪಬೇಕು. ಅದು ಇವತ್ತು, ಹನ್ನೊಂದೂವರೆಗೆ.

"ಧಾರವಾಡದಾಕಿ ಸ್ವೀಡನ್ನವರ ಮಕ್ಕಳಿಗೆ ಸ್ವೀಡಿಷ್ ಕಲಿಸೋದಂದ್ರ, ಮೀನಿಗೆ ಈಸು ಕಲಿಸಿಧಂಗ ಆತಲ್ಲೇ" ಎಂದು ಶಿವಪುತ್ರಪ್ಪ ಬೆಳಿಗ್ಗೆ ಚಹಾದ ಜೊತೆ ಧೈರ್ಯ ತುಂಬಿದ್ದ. ದಾದರಿನಲ್ಲಿ ಲೋಕಲ್ ರೈಲು ಬದಲಿಸುವ ನೂಕುನುಗ್ಗಲಲ್ಲೂ ಆಕೆ ಕ್ರಿಯಾಪದಗಳನ್ನು ಜಪಿಸುತ್ತಿದ್ದಳು.

ಹನ್ನೊಂದೂವರೆಗೆ ಪಾಠ ಶುರುವಾಯಿತು. ಮಹಾದೇವಿ ಹೇಳಿದ, ಲೋಕಲ್‌ನಲ್ಲಿ ಛತ್ರಿ ಮರೆತ ಕರಡಿಯ ಕಥೆ ಸುಸೂತ್ರವಾಗಿ ಮುಗಿಯಿತು. ಲ್ಯಾಪ್‌ಟಾಪಿನೊಳಗಿಂದ ಪರೀಕ್ಷಕಿ ಮುಂದಿನ ಸಾಲಿನ ನಿಶಾಳನ್ನು ಕೇಳಿದಳು: ಟೀಚರ್ ಹೇಳಿದ್ದು ತಿಳಿಯಿತೇ? ನಿಶಾ ಏಳು ವರ್ಷದವಳು. ಅಪ್ಪ ಸ್ವೀಡನ್ನಿನವನು, ಅಮ್ಮ ಕಾಂದಿವಲಿಯವಳು. ಅವಳು ಗಂಭೀರವಾಗಿ "ಚ್" ಅಂದಳು.

ಮಹಾದೇವಿ ತಟ್ಟನೆ ತಿರುಗಿ ನಿಶಾಳ ಮುಖ ನೋಡಿದಳು. ಧಾರವಾಡದ ಕಡೆ "ಚ್" ಅಂದರೆ ಇಲ್ಲ. ಈ ಮಗು ಅದನ್ನು ತನ್ನಿಂದಲ್ಲದೆ ಇನ್ನಾರಿಂದ ಕಲಿತೀತು?

ಪರೀಕ್ಷಕಿ ಹುಬ್ಬೇರಿಸಿದಳು. "ಮಗು ಏನಂತು, ಟೀಚರ್?"

ಹೌದೆಂದಿತು ಎಂದುಬಿಟ್ಟರೆ ಯಾರಿಗೂ ತಿಳಿಯದು. ನಾಲಿಗೆಯ ತುದಿಗೆ ಬಂದ ಸುಳ್ಳು ಅಲ್ಲಿಯೇ ಒಣಗಿತು. ಅದು ನಮ್ಮೂರಿನ ಇಲ್ಲ, ಮಗುವಿಗೆ ತಿಳಿದಿಲ್ಲ ಎಂದು ಮಹಾದೇವಿ ಮೆಲ್ಲನೆ ಒಪ್ಪಿಕೊಂಡಳು. ಪರೀಕ್ಷಕಿಯ ಪೆನ್ನು ಕಾಗದದ ಮೇಲೆ ಇಳಿಯಿತು.

ನಿಶಾ ಸಿಟ್ಟಿನಲ್ಲಿ ಸ್ವೀಡಿಷ್ ಬಿಟ್ಟು ಹಿಂದಿಗೆ ಜಿಗಿದಳು. "ಟೀಚರ್, ಆಪ್ ಹೀ ತೋ ಐಸೇ ಹಾಂ ಬೋಲ್ತೇ ಹೋ." ಹೀಗೆ ಹೌದೆನ್ನುವುದು ನೀವೇ ತಾನೇ ಎಂದು ಅವಳ ತಕರಾರು.

ಆಗ ಮಹಾದೇವಿಗೆ ಹೊಳೆಯಿತು. ಆ ಉತ್ತರದ ಊರಲ್ಲಿ ಹೌದೆನ್ನಲು ಯಾರೂ ಬಾಯಿ ನೋಯಿಸಿಕೊಳ್ಳುವುದಿಲ್ಲ. ತುಟಿ ಚಾಚಿ ಉಸಿರನ್ನು ಸರ್ರನೆ ಒಳಗೆಳೆದರೆ ಮುಗಿಯಿತು. ಮಹಾದೇವಿಯೂ ಹಾಗೆಯೇ ಕಲಿತಿದ್ದಳು, ಕಲಿಸಿದ್ದಳು. ಅದನ್ನೇ ಪರೀಕ್ಷಕಿಗೆ ತಡವರಿಸುತ್ತ ವಿವರಿಸಿದಳು.

"ಆ ಹೌದು ಹೇಳಿ ನೋಡೋಣ" ಎಂದಳು ಪರೀಕ್ಷಕಿ.

ಮಹಾದೇವಿ ಹೇಳಿದಳು.

"ಈಗ ನಿಮ್ಮೂರಿನ ಇಲ್ಲ."

ಅದನ್ನೂ ಹೇಳಿದಳು. ಎರಡೂ ಕೇಳಿಸಿದ್ದು ಒಂದೇ "ಚ್". ಧಾರವಾಡದ ನಾಲಿಗೆ ಹನ್ನೊಂದು ವರ್ಷದ ಹಿಮಕ್ಕೂ ಬಗ್ಗಿರಲಿಲ್ಲ.

ಪರೀಕ್ಷಕಿ ನಗಲಿಲ್ಲ. ನಿಶಾಳಿಗೆ ಆ ಕಥೆಯನ್ನೇ ಸ್ವೀಡಿಷ್‌ನಲ್ಲಿ ತಿರುಗಿ ಹೇಳಲು ಹೇಳಿದಳು. ನಿಶಾ ಕರಡಿಯನ್ನು ಹತ್ತಿಸಿ, ಇಳಿಸಿ, ಛತ್ರಿಗಾಗಿ ಸ್ಟೇಷನ್ ಮಾಸ್ತರರೊಡನೆ ಜಗಳವನ್ನೂ ಮಾಡಿಸಿದಳು. ಆ ಜಗಳ ಟೀಚರ್ ಹೇಳಿದ ಕಥೆಯಲ್ಲಿರಲಿಲ್ಲ.

"ನೌಕರಿ ನಿಮ್ಮದೇ" ಎಂದಳು ಪರೀಕ್ಷಕಿ. "ಆದರೆ ಹೌದನ್ನು ಬಾಯಿಬಿಟ್ಟು ಹೇಳಿಸಿ."

ಉಳಿದ ಹತ್ತು ನಿಮಿಷ ಆರು ಮಕ್ಕಳು, ಇಬ್ಬರು ಸೊಸೆಯರು, ಒಬ್ಬಳು ಕಾಯಂ ಟೀಚರ್ ಸ್ವೀಡಿಷ್ ಹೌದನ್ನು "ಯಾ, ಯಾ" ಎಂದು ಒದರಿದ ರಭಸಕ್ಕೆ, ಗೇಟಿನ ವಾಚ್‌ಮನ್ ಯಾರು ಬಿದ್ದರೋ ಎಂದು ಓಡಿ ಬಂದ.